ಅರ್ಧಬಲದ ಸವಾರಿ: ಸೈಕಲ್ ಅಭ್ಯಾಸದಲ್ಲಿ ದೂರವನ್ನೂ ತ್ರಾಣವನ್ನೂ ಹೆಚ್ಚಿಸಿಕೊಳ್ಳುವ ಕ್ರಮ



ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದು ಹವೆ ತಿಳಿಯಾಗುತ್ತಿದ್ದ ದಿನಗಳಲ್ಲಿ, ನಿವೃತ್ತಿಯ ಅಂಚಿನಲ್ಲಿದ್ದ ಧಾರವಾಡದ ಶಿಕ್ಷಕರೊಬ್ಬರು ಮೊಣಕಾಲು ಹಿಡಿದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು 58. ತೂಕ ಇಳಿಸಬೇಕೆಂಬ ಸಂಕಲ್ಪದಿಂದ ಹೊಸ ಸೈಕಲ್ಲೊಂದನ್ನು ಕೊಂಡು, ಮೊದಲ ಭಾನುವಾರವೇ ಹುಬ್ಬಳ್ಳಿಯ ಮಗಳ ಮನೆಗೆ ಹೋಗಿ ಅಂದೇ ಹಿಂದಿರುಗಿದ್ದರು. ಹೋಗುವಾಗ ಸುಮಾರು 20 ಕಿಲೋಮೀಟರು, ಬರುವಾಗ ಅಷ್ಟೇ. ಯೌವನದಲ್ಲಿ ಪ್ರತಿನಿತ್ಯ ಸೈಕಲ್ ತುಳಿದು ಶಾಲೆಗೆ ಹೋಗುತ್ತಿದ್ದವರು ಅವರು. ಆದರೆ ಆ ದಿನಗಳು ಕಳೆದು ಮೂವತ್ತು ವರ್ಷಗಳಾಗಿದ್ದವು. ಮರುದಿನ ಎರಡೂ ಮೊಣಕಾಲುಗಳು ಬಾತುಕೊಂಡವು. ಎಂಟು ದಿನ ಮೆಟ್ಟಿಲು ಹತ್ತಲಾಗಲಿಲ್ಲ. ಮನೆಯವರು ಸೈಕಲ್ಲನ್ನು ಹಿತ್ತಲಿಗೆ ಸಾಗಿಸಿದರು. ಅವರು ನನ್ನನ್ನು ಕೇಳಿದ್ದು ನೋವಿಗೆ ಒಂದು ತೈಲವನ್ನು ಮಾತ್ರ. ಏಳುವ ಮುನ್ನ, "ಸೈಕಲ್ ನನ್ನ ದೇಹಕ್ಕೆ ಒಗ್ಗುವುದಿಲ್ಲ ಡಾಕ್ಟರೇ" ಎಂದರು.

ಒಗ್ಗದಿದ್ದುದು ಸೈಕಲ್ಲಲ್ಲ, ಕ್ರಮವಿಲ್ಲದ ಆರಂಭ. ಇಂತಹವರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಉತ್ಸಾಹದಿಂದ ತೊಡಗಿ, ಮೊದಲ ವಾರದಲ್ಲೇ ಮಿತಿ ಮೀರಿ, ನೋವುಂಡು, ವ್ಯಾಯಾಮವನ್ನೇ ಶಾಶ್ವತವಾಗಿ ಬಿಟ್ಟುಬಿಡುತ್ತಾರೆ. ನಷ್ಟವಾಗುವುದು ಒಂದು ಸೈಕಲ್ಲಿನ ಬೆಲೆಯಷ್ಟೇ ಅಲ್ಲ. ಮುಂದಿನ ಇಪ್ಪತ್ತು ವರ್ಷಗಳ ಸ್ವಾವಲಂಬನೆ. ಆದ್ದರಿಂದ ಹೊಸದಾಗಿ ಸೈಕಲ್ ಹಿಡಿಯುವ ನಡುವಯಸ್ಸಿನವರೂ ಹಿರಿಯರೂ ದೂರವನ್ನೂ ತ್ರಾಣವನ್ನೂ ಯಾವ ಕ್ರಮದಿಂದ ಹೆಚ್ಚಿಸಿಕೊಳ್ಳಬೇಕೆಂಬುದನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇನೆ.

ಶರೀರವೇ ಸಾಧನ

ಶರಣರು ಶರೀರವನ್ನು ತುಚ್ಛವೆಂದು ಕಾಣಲಿಲ್ಲ. ಕಾಯಕ ನಡೆಯುವುದು ಶರೀರದಿಂದ. ಲಿಂಗಪೂಜೆಗೆ ಕೂರುವುದೂ ದಾಸೋಹಕ್ಕೆ ಕೈನೀಡುವುದೂ ಶರೀರವೇ. ಪ್ರಸಾದದಿಂದ ಬೆಳೆದ ಕಾಯವನ್ನು ಪ್ರಸಾದಕಾಯವೆಂದು ಗೌರವಿಸಿದ ಪರಂಪರೆ ನಮ್ಮದು. ಅದನ್ನು ಆಲಸ್ಯದಿಂದ ಕೆಡಿಸುವುದು ಹೇಗೆ ತಪ್ಪೋ ಹಟದಿಂದ ದಂಡಿಸುವುದೂ ಹಾಗೆಯೇ ತಪ್ಪು. ಹಿಂದೆ ನೇಗಿಲು, ಮಗ್ಗ, ಗಾಣ, ರಾಟೆಗಳೇ ವ್ಯಾಯಾಮವನ್ನು ಒದಗಿಸುತ್ತಿದ್ದವು. ಇಂದು ನಮ್ಮಲ್ಲಿ ಬಹುಮಂದಿಯ ಕಾಯಕ ಕುರ್ಚಿಯ ಮೇಲೆ ನಡೆಯುತ್ತದೆ. ಆ ಕೊರತೆಯನ್ನು ಕಡಿಮೆ ವೆಚ್ಚದಲ್ಲಿ ತುಂಬಿಕೊಡುವ ಸಾಧನಗಳಲ್ಲಿ ಸೈಕಲ್ ಮುಖ್ಯವಾದುದು. ನಡೆಯುವಾಗಲೂ ಓಡುವಾಗಲೂ ಮೈಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಸೈಕಲ್ ಮೇಲೆ ಕುಳಿತಾಗ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಆದಕಾರಣ ಸ್ಥೂಲಕಾಯದವರಿಗೂ ಆರಂಭದ ಹಂತದ ಸಂಧಿವಾತವಿರುವವರಿಗೂ ಇದು ಅನುಕೂಲ.

ಅರ್ಧಬಲವೆಂದರೇನು?

ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವಾಗ್ಭಟಾಚಾರ್ಯರು, ಬಲವಂತರೂ ಸ್ನಿಗ್ಧ ಆಹಾರ ಸೇವಿಸುವವರೂ ಕೂಡ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ವಿಧಿಸುತ್ತಾರೆ. ಅದೂ ಶೀತಕಾಲ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಅರ್ಧಬಲವನ್ನು ಅಳೆಯುವುದು ಹೇಗೆ? ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದಕ್ಕೆ ಲಕ್ಷಣವಿದೆ. ಹೃದಯಸ್ಥಾನದಲ್ಲಿರುವ ವಾಯು ಬಾಯಿಗೆ ಬರತೊಡಗಿದಾಗ, ಎಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾದಾಗ, ಅರ್ಧಬಲ ವ್ಯಯವಾಯಿತೆಂದು ತಿಳಿಯಬೇಕು. ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರು ಮೂಡುವುದು ಮತ್ತು ಬಾಯಿ ಒಣಗುವುದು ಇದರ ಜೊತೆಯ ಚಿಹ್ನೆಗಳು.

ಇಂದಿನ ವೈದ್ಯರು ಸಾಧಾರಣ ತೀವ್ರತೆಯ ವ್ಯಾಯಾಮವನ್ನು ಗುರುತಿಸಲು ಹೇಳುವ ಪರೀಕ್ಷೆಯೂ ಇದಕ್ಕೆ ಸಮೀಪವಾಗಿದೆ: ಮಾತನಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವಾಗಬೇಕು. ನಮ್ಮ ಓದುಗರಿಗೆ ಇನ್ನೂ ಸುಲಭವಾದ ಅಳತೆಯೊಂದಿದೆ. ಪೆಡಲ್ ತುಳಿಯುತ್ತ ಷಡಕ್ಷರಿ ಮಂತ್ರವನ್ನು ಒಂದೇ ಉಸಿರಿನಲ್ಲಿ ಎರಡು ಬಾರಿ, ತುಂಡಾಗದಂತೆ ಹೇಳಲು ಬಂದರೆ ನೀವು ಮಿತಿಯೊಳಗಿದ್ದೀರಿ. ನಡುವೆ ಉಸಿರು ಕಡಿಯಿತೆಂದರೆ ವೇಗವನ್ನು ಇಳಿಸಬೇಕು.

ಮಿತಿ ಮೀರಿದರೆ ಏನಾಗುತ್ತದೆಂಬುದನ್ನು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಹೇಳುತ್ತದೆ: ಆಯಾಸ, ಧಾತುಕ್ಷಯ, ತೀವ್ರ ತೃಷೆ, ಕೆಮ್ಮು, ಜ್ವರ, ವಾಂತಿ, ಉಬ್ಬಸ. ಆನೆಯನ್ನು ಎಳೆಯಹೊರಟ ಸಿಂಹ ಗೆದ್ದೂ ನಾಶವಾಗುವಂತೆ ಅತಿವ್ಯಾಯಾಮಿಯೂ ನಾಶವಾಗುತ್ತಾನೆಂಬುದು ಅಲ್ಲಿಯ ಉಪಮೆ. ನಮ್ಮ ಶಿಕ್ಷಕರು ಅಂದು ಹುಬ್ಬಳ್ಳಿಯನ್ನು ಗೆದ್ದಿದ್ದರು.

ತೊಡಗುವ ಮುನ್ನ

ಹೃದ್ರೋಗ, ಮಧುಮೇಹ, ರಕ್ತದೊತ್ತಡ, ಉಬ್ಬಸ ಇರುವವರು, ಧೂಮಪಾನದ ಚಟವಿದ್ದವರು ಹಾಗೂ ನಲವತ್ತು ದಾಟಿ ವರ್ಷಗಟ್ಟಲೆ ವ್ಯಾಯಾಮವನ್ನೇ ಮಾಡದವರು ವೈದ್ಯರ ಪರೀಕ್ಷೆಯಿಲ್ಲದೆ ತೊಡಗಬಾರದು. ಇದನ್ನು ಔಪಚಾರಿಕವಾಗಿ ಬರೆಯುತ್ತಿಲ್ಲ. ಇದಕ್ಕೆ ನನ್ನದೇ ಒಂದು ತಪ್ಪು ಕಾರಣ.

ಸುಮಾರು ಹದಿನೈದು ವರ್ಷಗಳ ಹಿಂದೆ ಮಧುಮೇಹವಿದ್ದ ವ್ಯಾಪಾರಿಯೊಬ್ಬರಿಗೆ, ಮುಂಜಾನೆ ಬರಿಹೊಟ್ಟೆಯಲ್ಲಿ ಅರ್ಧಗಂಟೆ ಸೈಕಲ್ ತುಳಿಯುವಂತೆ ಸಲಹೆ ನೀಡಿದೆ. ಮೇದಸ್ಸು ಬೇಗ ಕರಗಲಿ ಎಂಬುದು ನನ್ನ ಉದ್ದೇಶವಾಗಿತ್ತು. ಅವರು ಬೇರೆ ವೈದ್ಯರಿಂದ ಯಾವ ಮಾತ್ರೆ ಪಡೆಯುತ್ತಿದ್ದಾರೆ, ಅದನ್ನು ಯಾವ ಹೊತ್ತಿನಲ್ಲಿ ಸೇವಿಸುತ್ತಾರೆ ಎಂದು ನಾನು ಕೇಳಲಿಲ್ಲ. ಅವರು ಗ್ಲೈಮೆಪಿರೈಡ್ ಮಾತ್ರೆಯನ್ನು ಎದ್ದೊಡನೆ ನುಂಗಿ ಹೊರಡುತ್ತಿದ್ದರು. ನಾಲ್ಕನೆಯ ದಿನ ಕೆರೆಯ ಏರಿಯ ಮೇಲೆ ಕೈಕಾಲು ನಡುಗಿ, ಮೈಯೆಲ್ಲ ತಣ್ಣನೆಯ ಬೆವರಿನಿಂದ ತೊಯ್ದು, ಕಣ್ಣು ಕತ್ತಲಿಟ್ಟು ಕುಸಿದರು. ಎಚ್ಚರವಿನ್ನೂ ಇತ್ತು. ಹಾಲು ಮಾರುವ ಹುಡುಗನೊಬ್ಬ ಸಮೀಪದ ಚಹಾದಂಗಡಿಯಿಂದ ಸಕ್ಕರೆ ನೀರು ತಂದು ಕುಡಿಸಿದ್ದರಿಂದ ಬದುಕಿದರು. ಏರಿಯ ಇನ್ನೊಂದು ಬದಿಗೆ ಬಿದ್ದಿದ್ದರೆ ನೀರಿತ್ತು. ವಾರದ ನಂತರ ಅವರೇ ಬಂದು ಇದನ್ನು ಹೇಳಿದಾಗ ನಾನು ತಲೆತಗ್ಗಿಸಬೇಕಾಯಿತು. ಅಂದಿನಿಂದ, ವ್ಯಾಯಾಮವನ್ನು ಸೂಚಿಸುವ ಮುನ್ನ ಮಾತ್ರೆಯ ಚೀಟಿಯನ್ನು ನೋಡದೆ ನಾನು ಮಾತನಾಡುವುದಿಲ್ಲ.

ಇನ್ಸುಲಿನ್ ಅಥವಾ ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಸೈಕಲ್ ಹತ್ತಬಾರದು. ಹೊರಡುವ ಮುನ್ನ ರಕ್ತದ ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಬಾಳೆಹಣ್ಣನ್ನೋ ಎರಡು ಬಿಸ್ಕತ್ತನ್ನೋ ತಿಂದು, ಸ್ವಲ್ಪ ಕಾದು, ಮತ್ತೊಮ್ಮೆ ನೋಡಿಕೊಂಡು ಹೊರಡಬೇಕು. ಜೇಬಿನಲ್ಲಿ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆಯ ಪೊಟ್ಟಣ ಸದಾ ಇರಬೇಕು. ನಡುಕ, ಬೆವರು, ಅತಿ ಹಸಿವು, ಗಲಿಬಿಲಿ ಕಾಣಿಸಿದೊಡನೆ ಇಳಿದು ಅದನ್ನು ತಿನ್ನಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು; 108ಕ್ಕೆ ಕರೆಮಾಡಬೇಕು. ಅಭ್ಯಾಸ ಬೆಳೆದಂತೆ ಮಾತ್ರೆಯ ಪ್ರಮಾಣ ಇಳಿಯಬೇಕಾಗಬಹುದು. ಅದನ್ನು ಬರೆದುಕೊಟ್ಟ ವೈದ್ಯರೇ ಇಳಿಸಬೇಕು, ನೀವಾಗಿ ಅಲ್ಲ. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ ಸೇವಿಸುವವರಲ್ಲಿ ಸಕ್ಕರೆ ಇಳಿದಾಗ ನಡುಕ, ಎದೆಬಡಿತಗಳು ಸ್ಪಷ್ಟವಾಗಿ ಕಾಣದಿರಬಹುದು. ಅಂಥವರು ಇನ್ನೂ ಜಾಗರೂಕರಾಗಿರಬೇಕು.

ಸೈಕಲ್ಲನ್ನು ದೇಹಕ್ಕೆ ಹೊಂದಿಸುವುದು

ದುಬಾರಿ ಸೈಕಲ್ ಬೇಕಿಲ್ಲ. ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ತುಕ್ಕು ಹಿಡಿದು ನಿಂತಿವೆ. ಬ್ರೇಕು, ಸರಪಳಿ, ಟೈರುಗಳನ್ನು ದುರಸ್ತಿ ಮಾಡಿಸಿದರೆ, ಅಳತೆ ಹೊಂದುವವರಿಗೆ ಅವೂ ಸಾಕು. ಮುಖ್ಯವಾದುದು ಸೀಟಿನ ಎತ್ತರ. ಸೀಟಿನ ಮೇಲೆ ಕುಳಿತು, ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಬಾಗಿರುತ್ತದೆ, ಬೇಕಾದುದು ಅಷ್ಟೇ. ಬೀಳುವ ಭಯದಿಂದ ನಮ್ಮವರು ಸೀಟನ್ನು ಬಹಳ ಕೆಳಗಿಡುತ್ತಾರೆ. ಆಗ ಮೊಣಕಾಲು ಅತಿಯಾಗಿ ಮಡಚಿ ಚಿಪ್ಪಿನ ಮುಂಭಾಗ ನೋಯುತ್ತದೆ. ಸೀಟು ಹೆಚ್ಚು ಎತ್ತರವಾದರೆ ಮೊಣಕಾಲಿನ ಹಿಂಭಾಗ ನೋಯುತ್ತದೆ, ಸೊಂಟ ಎಡಬಲಕ್ಕೆ ಹೊರಳುತ್ತದೆ. ನೋವಿನ ಸ್ಥಾನವೇ ದೋಷವನ್ನು ಹೇಳುತ್ತದೆ. ಶಿಕ್ಷಕರ ಸೈಕಲ್ಲನ್ನು ತರಿಸಿ ನೋಡಿದಾಗ ಸೀಟು ನಾಲ್ಕು ಬೆರಳು ಕೆಳಗಿತ್ತು.

ಸೀಟು ಸಮತಲವಾಗಿರಬೇಕು. ಅದರ ಮೂತಿ ಮೇಲೆದ್ದಿದ್ದರೆ ಗುಹ್ಯಭಾಗದ ನರಗಳ ಮೇಲೆ ಒತ್ತಡ ಬಿದ್ದು ಜೋಮು ಬರುತ್ತದೆ. ಜೋಮು ಬಂದರೆ ಸಹಿಸಿಕೊಳ್ಳದೆ ಇಳಿದು ನಡೆಯಬೇಕು. ಅಂಗೈ ಜೋಮು ಹಿಡಿಯುವವರು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯದೆ ಮೊಣಕೈಗಳನ್ನು ಸಡಿಲವಾಗಿ ಬಾಗಿಸಿಡಬೇಕು. ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಅದೇ ದೂರಕ್ಕೆ ಶ್ರಮ ಹೆಚ್ಚು. ವಾರಕ್ಕೊಮ್ಮೆ ಗಾಳಿ ತುಂಬಿಸಿಕೊಳ್ಳಿ. ಸೀರೆ, ಧೋತ್ರಗಳ ಅಂಚು ಸರಪಳಿಗೆ ಸಿಲುಕದಂತೆ ಎಚ್ಚರವಿರಲಿ. ತಲೆಗೆ ಹೆಲ್ಮೆಟ್, ನಸುಕಿನಲ್ಲಿ ಹೋಗುವವರಿಗೆ ಹಿಂದೆ ಕೆಂಪು ದೀಪ ಇರಲೇಬೇಕು.

ಪಾದಾಂಶಿಕ ಕ್ರಮ

ಚರಕಸಂಹಿತೆಯ ಅದೇ ಅಧ್ಯಾಯದಲ್ಲಿ, ವ್ಯಾಯಾಮದ ವಿಚಾರ ಮುಗಿದೊಡನೆ, ಇನ್ನೊಂದು ಅಮೂಲ್ಯ ಉಪದೇಶವಿದೆ. ಅಹಿತವಾದ ರೂಢಿಯನ್ನು ಒಮ್ಮೆಗೇ ಬಿಡಬಾರದು, ಹಿತವಾದುದನ್ನು ಒಮ್ಮೆಗೇ ಹಿಡಿಯಬಾರದು. ಪಾದ ಪಾದವಾಗಿ, ಎಂದರೆ ಕಾಲುಭಾಗದಂತೆ, ನಡುವೆ ವಿರಾಮ ಕೊಟ್ಟು ಬದಲಾಯಿಸಬೇಕು. ಇದೇ ಪಾದಾಂಶಿಕ ಕ್ರಮ. ಚರಕರು ಇದನ್ನು ಆಹಾರವಿಹಾರಗಳ ರೂಢಿಯ ಕುರಿತು ಹೇಳಿದ್ದಾರೆ. ಸೈಕಲ್ಲಿನ ದೂರಕ್ಕೆ ಅನ್ವಯಿಸಿದವನು ನಾನು. ನನ್ನ ರೋಗಿಗಳಲ್ಲಿ ಇದು ಒಳ್ಳೆಯ ಫಲ ಕೊಟ್ಟಿದೆ.

ಮೊದಲು ಮೂಲದೂರವನ್ನು ನಿರ್ಧರಿಸಿಕೊಳ್ಳಬೇಕು. ಸಮತಟ್ಟಾದ, ವಾಹನ ವಿರಳವಾದ ಹಾದಿಯಲ್ಲಿ, ಮನೆಯ ಸುತ್ತಲೇ ಸುತ್ತುತ್ತ, ಅರ್ಧಬಲದ ಲಕ್ಷಣ ಕಾಣುವವರೆಗೆ ತುಳಿಯಿರಿ. ನೇರವಾಗಿ ದೂರ ಹೋಗಬೇಡಿ; ಹೋದಷ್ಟೇ ದೂರ ಹಿಂದಿರುಗಬೇಕೆಂಬುದನ್ನು ಹೊಸಬರು ಮರೆಯುತ್ತಾರೆ. ಬಹುತೇಕರಿಗೆ ಈ ಮೂಲದೂರ 3ರಿಂದ 4 ಕಿಲೋಮೀಟರು, ಕಾಲ 15ರಿಂದ 20 ನಿಮಿಷ. ಎರಡೇ ಕಿಲೋಮೀಟರಾದರೂ ಸಂಕೋಚ ಬೇಡ, ಅಲ್ಲಿಂದಲೇ ಲೆಕ್ಕ ಆರಂಭವಾಗಲಿ.

ಮೂಲದೂರ 4 ಕಿಲೋಮೀಟರೆಂದು ಇಟ್ಟುಕೊಂಡರೆ ಕ್ರಮ ಹೀಗೆ. ವಾರದಲ್ಲಿ ನಾಲ್ಕು ದಿನ ಸವಾರಿ, ಉಳಿದ ಮೂರು ದಿನ ವಿರಾಮ ಅಥವಾ ಲಘು ನಡಿಗೆ.

1 ಮತ್ತು 2ನೆಯ ವಾರ: 4 ಕಿಲೋಮೀಟರು.
3 ಮತ್ತು 4ನೆಯ ವಾರ: 5 ಕಿಲೋಮೀಟರು.
5 ಮತ್ತು 6ನೆಯ ವಾರ: 6 ಕಿಲೋಮೀಟರು.
7 ಮತ್ತು 8ನೆಯ ವಾರ: ಏಳೂವರೆ ಕಿಲೋಮೀಟರು.
9 ಮತ್ತು 10ನೆಯ ವಾರ: ಒಂಬತ್ತೂವರೆ ಕಿಲೋಮೀಟರು.
11 ಮತ್ತು 12ನೆಯ ವಾರ: 12 ಕಿಲೋಮೀಟರು.

ಪ್ರತಿ ಏರಿಕೆಯೂ ಹಿಂದಿನದರ ಸುಮಾರು ಕಾಲುಭಾಗದಷ್ಟು ಎಂಬುದನ್ನು ಗಮನಿಸಿ. ಏರಿದ ಮೇಲೆ ಎರಡು ವಾರ ಅಲ್ಲಿಯೇ ನಿಲ್ಲಬೇಕು. ಇದರ ಕಾರಣವನ್ನು ತಿಳಿದರೆ ತಾಳ್ಮೆ ಬರುತ್ತದೆ. ವ್ಯಾಯಾಮಕ್ಕೆ ಮೊದಲು ಒಗ್ಗುವುದು ಹೃದಯ ಮತ್ತು ಉಸಿರು. ಎರಡು ಮೂರು ವಾರಗಳಲ್ಲೇ ಉಸಿರಾಟ ಹಗುರವಾದಂತೆ ತೋರುತ್ತದೆ. ಸ್ನಾಯುಗಳು ಆ ಬಳಿಕ ಬಲಗೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಕಂಡರಗಳಿಗೆ ರಕ್ತಸಂಚಾರ ಕಡಿಮೆಯಾದ್ದರಿಂದ ಅವು ತಿಂಗಳುಗಳನ್ನೇ ತೆಗೆದುಕೊಳ್ಳುತ್ತವೆ. ಉಸಿರು ಸರಾಗವಾಯಿತೆಂದು ದೂರವನ್ನು ದ್ವಿಗುಣಗೊಳಿಸುವವರು ಮೊಣಕಾಲು ನೋಯಿಸಿಕೊಳ್ಳುವುದು ಇದರಿಂದಲೇ.

ಗಂಟೆಗೆ 12 ಕಿಲೋಮೀಟರಿನ ಸಾಧಾರಣ ವೇಗದಲ್ಲಿ 12 ಕಿಲೋಮೀಟರಿಗೆ ಒಂದು ಗಂಟೆ ಬೇಕು. ವಾರಕ್ಕೆ ನಾಲ್ಕು ದಿನವೆಂದರೆ 240 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ. ಹಾಗಾಗಿ ಆರೋಗ್ಯಕ್ಕೆ ಇಷ್ಟು ಸಾಕು. ಇನ್ನೂ ದೂರ ಹೋಗುವ ಆಸೆಯಿದ್ದರೆ ವಾರದ ಮೂರು ದಿನ 8–10 ಕಿಲೋಮೀಟರಿನಲ್ಲೇ ಉಳಿದು, ಒಂದು ದಿನವನ್ನು ಮಾತ್ರ ದೀರ್ಘ ಸವಾರಿಗೆ ಮೀಸಲಿಡಿ: ಎರಡೆರಡು ವಾರಗಳಿಗೊಮ್ಮೆ 15, 18, 22 ಎಂದು ಏರಿಸಿ.

ಯಾವ ಹಂತದಲ್ಲಾದರೂ ಮರುದಿನ ಮುಂಜಾನೆಯೂ ದಣಿವು ಉಳಿದಿದ್ದರೆ ಆ ಹಂತದಲ್ಲಿ ಇನ್ನೆರಡು ವಾರ ನಿಲ್ಲಿ. ಸಂದು ನೋವು ಬಂದರೆ ಒಂದು ಹಂತ ಕೆಳಗಿಳಿಯಿರಿ. ಜ್ವರದಿಂದಲೋ ಪ್ರಯಾಣದಿಂದಲೋ ಎರಡು ವಾರ ತಪ್ಪಿದರೆ ಎರಡು ಹಂತ ಹಿಂದಿನಿಂದ ಪುನಃ ತೊಡಗಿ. ಹಿಂದೆ ಸರಿಯುವುದು ಸೋಲಲ್ಲ.

ಪೆಡಲಿನ ಲಯ

ತ್ರಾಣ ಬೆಳೆಯುವುದು ಬಲವಾಗಿ ತುಳಿಯುವುದರಿಂದಲ್ಲ, ಹಗುರವಾಗಿ ಬಹಳ ಹೊತ್ತು ತುಳಿಯುವುದರಿಂದ. ಒಂದು ನಿಮಿಷದಲ್ಲಿ ಬಲಗಾಲು ಎಷ್ಟು ಸಲ ಕೆಳಗೆ ಬಂತೆಂದು ಎಣಿಸಿ. ಹೊಸಬರಲ್ಲಿ 60ರ ಆಸುಪಾಸಿದ್ದರೆ ಸಾಕು. ಕ್ರಮೇಣ 70ಕ್ಕೆ ಏರಲಿ. ಗೇರುಗಳಿದ್ದರೆ ಹಗುರವಾದುದನ್ನೇ ಬಳಸಿ. ಧಾರವಾಡದಂತಹ ಏರಿಳಿತದ ಊರುಗಳಲ್ಲಿ, ಗೇರಿಲ್ಲದ ಸೈಕಲ್ಲಿನವರು ಏರು ಬಂದಾಗ ಇಳಿದು ತಳ್ಳಿಕೊಂಡು ನಡೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ಎದ್ದು ನಿಂತು ಹಲ್ಲುಕಚ್ಚಿ ತುಳಿಯುವಾಗ ಉಸಿರು ಬಿಗಿಹಿಡಿಯುತ್ತದೆ, ರಕ್ತದೊತ್ತಡ ಏರುತ್ತದೆ. ಆರಂಭದ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷ ನಿಧಾನ ಗತಿಯಿರಲಿ. ಗಾಳಿಗೆ ಎದುರಾಗಿ ಹೊರಟು, ಗಾಳಿ ಬೆನ್ನಿಗಿರುವಂತೆ ಹಿಂದಿರುಗುವುದು ಜಾಣತನ.

ಋತು, ಆಹಾರ, ಅಭ್ಯಂಗ

ಮಾರ್ಗಶಿರದ ಆರಂಭದಲ್ಲಿ ತೊಡಗಿದರೆ ಹನ್ನೆರಡು ವಾರಗಳು ಮಾಘಮಾಸದ ಶಿವರಾತ್ರಿಯ ಹೊತ್ತಿಗೆ ಪೂರ್ಣವಾಗುತ್ತವೆ. ಹೇಮಂತ, ಶಿಶಿರಗಳಲ್ಲಿ ಜಠರಾಗ್ನಿ ಪ್ರಬಲ, ದೇಹಬಲ ಉತ್ತಮ. ಗ್ರೀಷ್ಮದಲ್ಲಿ ದೂರವನ್ನು ಅರ್ಧಕ್ಕಿಳಿಸಿ, ಬಿಸಿಲೇರುವ ಮುನ್ನ ಮುಗಿಸಬೇಕು. ಕಲಬುರಗಿ, ರಾಯಚೂರು ಸೀಮೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಊಟವಾದೊಡನೆ ಸವಾರಿ ಬೇಡ; ಪೂರ್ಣ ಊಟಕ್ಕೂ ಸವಾರಿಗೂ ಎರಡು ಮೂರು ಗಂಟೆ ಅಂತರವಿರಲಿ. ಮುಂಜಾನೆ ಹೊರಡುವವರಿಗೆ ಅರ್ಧಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಬಟ್ಟಲು ರಾಗಿ ಅಂಬಲಿ ಸಾಕು. ಹೊರಡುವ ಮುನ್ನ ಒಂದು ಲೋಟ ನೀರು ಕುಡಿಯಿರಿ. ಗಂಟೆ ಮೀರುವ ಸವಾರಿಯಾದರೆ ಜೊತೆಯಲ್ಲಿ ನೀರಿರಲಿ, ಗುಟುಕು ಗುಟುಕಾಗಿ ಗಂಟೆಗೆ ಅರ್ಧ ಲೀಟರಿನಷ್ಟು. ಹಿಂದಿರುಗಿದ ಮೇಲೆ ಚಿಟಿಕೆ ಉಪ್ಪು, ಜೀರಿಗೆ ಬೆರೆಸಿದ ನೀರುಮಜ್ಜಿಗೆ ಹಿತ. ರಕ್ತದೊತ್ತಡವಿರುವವರು ಉಪ್ಪು ಬಿಡಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಸ್ವಲ್ಪ ತುಪ್ಪ, ಹಾಲು ಇವು ನಮ್ಮ ನಾಡಿನ ಉತ್ತಮ ಬಲವರ್ಧಕಗಳು. ಸೈಕಲ್ ತುಳಿದೆವೆಂದು ಎರಡು ಹೋಳಿಗೆ ಹೆಚ್ಚು ತಿಂದರೆ ತೂಕ ಇಳಿಯದು.

ವ್ಯಾಯಾಮದ ನಂತರ ಶರೀರವನ್ನು ಮೃದುವಾಗಿ ಮರ್ದಿಸಬೇಕೆಂದು ಶಾಸ್ತ್ರ ಹೇಳುತ್ತದೆ. ಬೆವರು ಆರಿದ ಬಳಿಕ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ತೊಡೆ, ಮೀನಖಂಡ, ಮೊಣಕಾಲು, ಅಂಗಾಲುಗಳನ್ನು ಹತ್ತು ನಿಮಿಷ ತೀಡಿ, ಅರ್ಧಗಂಟೆಯ ನಂತರ ಬಿಸಿನೀರಿನ ಸ್ನಾನ ಮಾಡಿರಿ. ಬೆವರಿದ ಮೈಗೆ ತಣ್ಣೀರು ಸುರಿಯಬೇಡಿ. ರಾತ್ರಿ ಏಳು ಗಂಟೆಗಳ ನಿದ್ರೆಯಿಲ್ಲದೆ ಯಾವ ಕ್ರಮವೂ ಫಲಿಸದು; ಬಲ ಕೂಡುವುದು ವಿಶ್ರಾಂತಿಯಲ್ಲಿ.

ನಿಲ್ಲಿಸಬೇಕಾದ ಸೂಚನೆಗಳು

ಸವಾರಿಯ ವೇಳೆ ಎದೆಯಲ್ಲಿ ಬಿಗಿತ, ಎಡತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ಅಸಹಜ ಉಸಿರುಕಟ್ಟು, ತಲೆಸುತ್ತು, ಲಯತಪ್ಪಿದ ಎದೆಬಡಿತ ಕಂಡರೆ ಕೂಡಲೇ ಇಳಿದು ಕುಳಿತುಕೊಳ್ಳಬೇಕು. ಐದು ನಿಮಿಷದಲ್ಲಿ ಶಮನವಾಗದಿದ್ದರೆ 108ಕ್ಕೆ ಕರೆಮಾಡಬೇಕು. ಶಮನವಾದರೂ ಅಂದೇ ವೈದ್ಯರನ್ನು ಕಾಣಬೇಕು. "ವಾಯು ಹಿಡಿದಿರಬೇಕು" ಎಂದು ಜೀರಿಗೆ ಕಷಾಯ ಕುಡಿದು ಮಲಗುವುದು ಪ್ರಾಣಾಂತಿಕವಾಗಬಹುದು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ. ಜ್ವರ, ಭೇದಿ, ನಿದ್ದೆಗೆಟ್ಟ ದಿನಗಳಲ್ಲಿಯೂ ಸವಾರಿ ಬೇಡ.

ಕೊನೆಯದಾಗಿ ಶಿಕ್ಷಕರ ವಿಷಯ. ಮೂರು ವಾರಗಳ ವಿಶ್ರಾಂತಿ, ತೈಲ, ಪಥ್ಯಗಳ ನಂತರ ಅವರು ಮಾರ್ಗಶಿರದಲ್ಲಿ 4 ಕಿಲೋಮೀಟರಿನಿಂದ ಮತ್ತೆ ತೊಡಗಿದರು. ನಡುವೆ ಒಮ್ಮೆ ಎಡಮೊಣಕಾಲು ನೊಂದು ಒಂದು ಹಂತ ಕೆಳಗಿಳಿದರು. ನಾಲ್ಕು ಸುತ್ತು ಹೊಡೆದು ಮನೆ ಸೇರುವುದೂ ಒಂದು ಸವಾರಿಯೇ ಎಂದು ಮೊದಮೊದಲು ಗೊಣಗುತ್ತಿದ್ದರು. ಬಳಿಕ ಗೊಣಗುವುದನ್ನು ಬಿಟ್ಟರು. ಬಸವ ಜಯಂತಿಯ ಹಿಂದಿನ ದಿನ ನಸುಕಿನಲ್ಲಿ ಹೊರಟು, ನಡುವೆ ಎರಡು ಬಾರಿ ವಿಶ್ರಮಿಸಿ, ಬಿಸಿಲೇರುವ ಮುನ್ನ ಹುಬ್ಬಳ್ಳಿಯ ಮಗಳ ಮನೆ ತಲುಪಿದರು. ಅಂದು ಹಿಂದಿರುಗಲಿಲ್ಲ. ಜಯಂತಿಯನ್ನು ಮೊಮ್ಮಕ್ಕಳೊಡನೆ ಆಚರಿಸಿ, ಅದರ ಮರುದಿನ ಬೆಳಗಿನ ತಂಪಿನಲ್ಲಿ ಮರಳಿದರು. ಮೊದಲ ಸಲದ ದಾರಿಯೇ, ಅಷ್ಟೇ ದೂರ. ಆದರೆ ಮರುದಿನ ಮೆಟ್ಟಿಲು ಹತ್ತಿ ನನ್ನ ಚಿಕಿತ್ಸಾಲಯಕ್ಕೆ ಬಂದು ಕುಳಿತರು. ತೈಲ ಕೇಳಲಿಲ್ಲ.

ನೀವೂ ನಾಳೆ ನಸುಕಿನಲ್ಲಿ ಹಿತ್ತಲಿನ ಸೈಕಲ್ಲಿಗೆ ಗಾಳಿ ತುಂಬಿಸಿ. ಇಂದಿನ ಬಲದ ಅರ್ಧದಿಂದ ತೊಡಗಿ, ಉಳಿದರ್ಧ ನಾಳೆಯ ಕಾಯಕಕ್ಕಿರಲಿ.